ಸೋರದ ಪೀಪಾಯಿ, ಸೋರಿಹೋಗುವ ವಿದ್ಯೆ

ಸ್ಕಾಟ್ಲೆಂಡಿನ ಈಶಾನ್ಯದಲ್ಲಿ, ಸ್ಪೇ ನದಿಯ ಕಣಿವೆಯಲ್ಲಿ, ಕ್ರೇಗೆಲಾಖಿ ಎಂಬ ಸಣ್ಣ ಊರಿದೆ. 1947ರಲ್ಲಿ ಆರಂಭವಾದ ಸ್ಪೇಸೈಡ್ ಕೂಪರೇಜ್ ಎಂಬ ಪೀಪಾಯಿ ಕಾರ್ಖಾನೆ ಇರುವುದು ಅಲ್ಲಿಯೇ. ಅದರ ಅಂಗಳದಲ್ಲಿ ಗೋಪುರದಂತೆ ಪೇರಿಸಿಟ್ಟ ಓಕ್ ಮರದ ಪೀಪಾಯಿಗಳಲ್ಲಿ ಬಹುಪಾಲು ಹಳೆಯವು. ಕುಶಲಕರ್ಮಿಗಳ ದಿನದ ಹೆಚ್ಚಿನ ಹೊತ್ತು ಹೊಸದನ್ನು ಕಟ್ಟುವುದರಲ್ಲಲ್ಲ, ಹಳೆಯದನ್ನು ಬಿಚ್ಚಿ ಮತ್ತೆ ಕಟ್ಟುವುದರಲ್ಲಿ ಕಳೆಯುತ್ತದೆ. ಸ್ಕಾಟ್ಲೆಂಡಿನ ಉಗ್ರಾಣಗಳಲ್ಲಿ ವಿಸ್ಕಿ ಮಾಗುತ್ತಿರುವ ಪೀಪಾಯಿಗಳ ಸಂಖ್ಯೆ 2 ಕೋಟಿಗೂ ಹೆಚ್ಚು. ಅಷ್ಟು ದೊಡ್ಡ ಉದ್ಯಮವೊಂದು ಸೋರದೆ ನಿಂತಿರುವುದು ಇಂತಹ ದುರಸ್ತಿಗಾರರ ಕೈಗಳ ಮೇಲೆ.

ಮದ್ಯದ ಗುಣಗಾನ ಈ ಲೇಖನದ ಉದ್ದೇಶವಲ್ಲ. ದುರಸ್ತಿ ಎಂಬ ವಿದ್ಯೆಯನ್ನು ಒಂದು ಸಮಾಜ ಹೇಗೆ ಉಳಿಸಿಕೊಳ್ಳುತ್ತದೆ, ಹೇಗೆ ಕಳೆದುಕೊಳ್ಳುತ್ತದೆ ಎಂಬುದನ್ನು ಅರಿಯಲು ಪೀಪಾಯಿಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ.

ಪೀಪಾಯಿಯ ಹಲಗೆಗಳನ್ನು ಹಿಡಿದಿಡಲು ಅಂಟೂ ಇಲ್ಲ, ಮೊಳೆಯೂ ಇಲ್ಲ. ನಡು ಅಗಲವಾಗಿ, ತುದಿ ಕಿರಿದಾಗಿ, ಅಂಚು ಓರೆಯಾಗಿ ಹೆರೆದ ಹಲಗೆಗಳನ್ನು ಕಬ್ಬಿಣದ ಬಳೆಗಳು ಬಿಗಿದು ಹಿಡಿದಿರುತ್ತವೆ. ಎರಡೂ ಕೊನೆಗಳ ಮುಚ್ಚಳಗಳು ಹಲಗೆಗಳ ಒಳಮೈಯಲ್ಲಿ ಕೊರೆದ ತೋಡಿನಲ್ಲಿ ಕೂಡುತ್ತವೆ. ಸಂದುಗಳಿಗೆ ತುಂಬುವುದು ಒಣಗಿಸಿದ ಜೊಂಡುಹುಲ್ಲು. ಉಳಿದ ಕೆಲಸವನ್ನು ಮರವೇ ಮಾಡುತ್ತದೆ. ತೇವವಿದ್ದರೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಗಾಡಿಯ ಚಕ್ರವನ್ನು ಕೆರೆಯ ನೀರಿನಲ್ಲಿ ನೆನೆಹಾಕುತ್ತಿದ್ದ ನಮ್ಮ ರೈತರಿಗೆ ಈ ತತ್ವವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೋರುವ ಪೀಪಾಯಿ ಕೈಗೆ ಬಂದಾಗ ಕಸುಬುದಾರ ಮೊದಲು ಅದರ ಒಳಮೈ ನೋಡುತ್ತಾನೆ, ಮೂಸುತ್ತಾನೆ. ಹುಳಿನಾತವೋ ಬೂಷ್ಟಿನ ವಾಸನೆಯೋ ಬಂದರೆ ಅದು ಮರವೇ ಕೆಟ್ಟಿರುವುದರ ಸೂಚನೆ. ಸೀಳಿದ ಹಲಗೆಯನ್ನು ಗುರುತಿಸಿ, ಬಳೆಗಳನ್ನು ಸಡಿಲಿಸಿ ಅದನ್ನು ಹೊರತೆಗೆಯುತ್ತಾನೆ. ಆ ಜಾಗಕ್ಕೆ ಬರುವುದು ಸಾಮಾನ್ಯವಾಗಿ ಬಿಚ್ಚಿಹಾಕಿದ ಇನ್ನೊಂದು ಪೀಪಾಯಿಯ ಹಲಗೆ. ಅದರ ಅಗಲ, ಬಾಗು, ಅಂಚಿನ ಓರೆ ಇವೆಲ್ಲವೂ ನೆರೆಯ ಹಲಗೆಗಳಿಗೆ ಹೊಂದಬೇಕು. ಬಳೆಗಳನ್ನು ಮತ್ತೆ ಬಡಿದು ಕೂಡಿಸಿದ ಮೇಲೆ ಸೋರಿಕೆಯ ಪರೀಕ್ಷೆ. ಹಲಗೆ ಗಟ್ಟಿಯಾಗಿದ್ದು ಸತ್ವ ಮಾತ್ರ ಬರಿದಾಗಿದ್ದರೆ ಒಳಮೈಯನ್ನು ಹೆರೆದು, ಬೆಂಕಿಯಲ್ಲಿ ಸುಟ್ಟು, ಮರಕ್ಕೆ ಮರುಜೀವ ಕೊಡಲಾಗುತ್ತದೆ. ಹೀಗೆ ನೋಡಿಕೊಂಡ ಪೀಪಾಯಿ ಅರ್ಧ ಶತಮಾನ ಬಾಳುತ್ತದೆ.

ಹೊಸ ಪೀಪಾಯಿಗಳ ತಯಾರಿಕೆಯ ಬಹುಭಾಗವನ್ನು ಇಂದು ಯಂತ್ರಗಳು ಮಾಡುತ್ತವೆ. ದುರಸ್ತಿಯಲ್ಲಿ ಮಾತ್ರ ಕೈಯೇ ಮೇಲು. ಕಾರಣ ಸರಳ: ಹೊಸ ಪೀಪಾಯಿಗಳೆಲ್ಲ ಒಂದೇ ಬಗೆ, ಕೆಟ್ಟ ಪೀಪಾಯಿಗಳು ಒಂದೊಂದೂ ಒಂದೊಂದು ಬಗೆ. ತಯಾರಿಕೆ ಬುದ್ಧಿವಂತರ ಕೆಲಸ, ದುರಸ್ತಿ ಅದಕ್ಕಿಂತ ಕೆಳಗಿನದು ಎಂಬ ನಮ್ಮ ಎಣಿಕೆಯನ್ನು ಇದು ಬುಡಮೇಲು ಮಾಡುತ್ತದೆ. ಸ್ಕಾಟ್ಲೆಂಡಿನಲ್ಲಿ ಈ ಕಸುಬಿನ ಶಿಷ್ಯವೃತ್ತಿ ನಾಲ್ಕು ವರ್ಷದ್ದು. ನಮ್ಮಲ್ಲಿ ಎಂಜಿನಿಯರಿಂಗ್ ಪದವಿಗೂ ಬೇಕಾಗುವುದು ಅಷ್ಟೇ ಕಾಲ.

ಈ ಕಸುಬು ಉಳಿದದ್ದು ಹೇಗೆ? ಪರಂಪರೆಯ ಮೇಲಿನ ಪ್ರೀತಿಯಿಂದಷ್ಟೇ ಅಲ್ಲ. ಸ್ಕಾಚ್ ವಿಸ್ಕಿ ಕನಿಷ್ಠ 3 ವರ್ಷ, 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ ಮಾಗಲೇಬೇಕು ಎನ್ನುತ್ತದೆ ಅಲ್ಲಿನ ಕಾನೂನು. ಅತ್ತ ಅಮೆರಿಕದ ಕಾನೂನಿನಂತೆ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲೇ ಇಡಬೇಕು. ಹೀಗಾಗಿ ಒಮ್ಮೆ ಬಳಸಿದ ಪೀಪಾಯಿ ಆ ಕೆಲಸಕ್ಕೆ ಮತ್ತೆ ಬಾರದು. ಅಮೆರಿಕ ಬೇಡವೆಂದ ಈ 200 ಲೀಟರಿನ ಪೀಪಾಯಿಗಳೇ ಅಟ್ಲಾಂಟಿಕ್ ದಾಟಿ ಸ್ಕಾಟ್ಲೆಂಡಿನ ಬಂಡವಾಳವಾಗುತ್ತವೆ. ಐದು ಪೀಪಾಯಿಗಳನ್ನು ಬಿಚ್ಚಿ, ಅದೇ ಹಲಗೆಗಳಿಂದ 250 ಲೀಟರಿನ ನಾಲ್ಕು ಪೀಪಾಯಿಗಳನ್ನು ಕಟ್ಟುವುದೂ ಉಂಟು. ದುರಸ್ತಿಗಾರನಿಗೆ ಕೆಲಸ ಕೊಟ್ಟಿರುವುದು ಈ ಎರಡು ಕಾನೂನುಗಳ ನಡುವಿನ ವ್ಯಾಪಾರ.

ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಬಿಯರ್ ಉದ್ಯಮವನ್ನು ನೋಡಬಹುದು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅಲ್ಲಿ ಲೋಹದ ಪೀಪಾಯಿಗಳು ಬಂದವು. ಮರದ ಪಾತ್ರೆಯೇ ಬೇಕೆಂಬ ಕಟ್ಟಳೆ ಇರಲಿಲ್ಲ. ಒಂದೊಂದು ಬ್ರೂವರಿಯಲ್ಲೂ ಇದ್ದ ಪೀಪಾಯಿ ಕಸುಬುದಾರರು ಕಣ್ಮರೆಯಾದರು. ಇಂದು ಉಳಿದಿರುವವರು ಬೆರಳೆಣಿಕೆಯ ಮಂದಿ. ದ್ವೀಪ ಒಂದೇ, ಕಸುಬು ಒಂದೇ. ಅಲ್ಲಿ ಬೇಡಿಕೆ ಇತ್ತು, ಇಲ್ಲಿ ಬರಿಯ ನೆನಪು ಉಳಿಯಿತು.

ಈ ಕಥೆಯ ಒಂದು ಎಳೆ ಬೆಂಗಳೂರಿನವರೆಗೂ ಬರುತ್ತದೆ. 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಅಮೃತ್ ಸಿಂಗಲ್ ಮಾಲ್ಟ್ ಮಾಗಿದ್ದು ಇಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಶೇ 2ರಷ್ಟು ಮದ್ಯ ಮರದ ಮೂಲಕ ಆವಿಯಾಗುತ್ತದೆ. ಅದನ್ನವರು ‘ದೇವತೆಗಳ ಪಾಲು’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಆ ಪಾಲು ಶೇ 10ನ್ನೂ ಮೀರುತ್ತದೆ. ಆವಿಯಾಗುವುದನ್ನು ಯಾವ ಕಸುಬುದಾರನೂ ತಡೆಯಲಾರ. ಆದರೆ ಸಂದಿನಿಂದ ಸೋರುವುದು ದೇವತೆಗಳ ಪಾಲಲ್ಲ, ನಮ್ಮ ಉಪೇಕ್ಷೆಯ ಪಾಲು.

ವಿದ್ಯೆಗಳ ಮಾತೂ ಹೀಗೆಯೇ. ಕಾಲ ಬದಲಾದಂತೆ ಕೆಲವು ಕಸುಬುಗಳು ಆವಿಯಾಗುತ್ತವೆ. ಅದಕ್ಕೆ ಮರುಗಿ ಫಲವಿಲ್ಲ. ಆದರೆ ಅಗತ್ಯವಿದ್ದೂ ಕಳೆದುಹೋಗುತ್ತಿರುವುದನ್ನು ಏನೆನ್ನಬೇಕು? ಮಿಕ್ಸಿ, ಫ್ಯಾನು, ಪಂಪ್‌ಸೆಟ್, ಮೊಬೈಲ್ ಕೆಡದ ಮನೆಯಿಲ್ಲ. ‘ರಿಪೇರಿಗೆ ಕೊಡುವ ದುಡ್ಡಿಗೆ ಹೊಸದೇ ಬರುತ್ತದೆ’ ಎಂಬ ಉತ್ತರ ಕೇಳದವರಿಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಅದೇ ವರ್ಷದ ಕೊನೆಗೆ ಅದಕ್ಕೊಂದು ಜಾಲತಾಣವನ್ನೂ ತೆರೆಯಿತು. ಇದು ಸ್ವಾಗತಾರ್ಹ. ಆದರೆ ಕೈಪಿಡಿ ಮತ್ತು ಬಿಡಿಭಾಗ ದೊರೆತರಷ್ಟೇ ಸಾಲದು. ಅವನ್ನು ಬಳಸಬಲ್ಲ ಕೈ ಇಲ್ಲದಿದ್ದರೆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ.

ಆ ಕೈಗಳನ್ನು ತಯಾರಿಸಲು ಬೇಕಾದುದು ಸನ್ಮಾನವಲ್ಲ, ಕೆಲಸ. ಶಿಷ್ಯವೃತ್ತಿ ತರಬೇತಿಯಲ್ಲಿ ದುರಸ್ತಿಗೆ ಸ್ವತಂತ್ರ ಸ್ಥಾನವಿರಲಿ. ಕಲಿಯುವವನಿಗೆ ಬದುಕಲು ಸಾಲುವಷ್ಟು ಭತ್ಯೆ ಸಿಗಲಿ. ದುರಸ್ತಿ ಸಾಧ್ಯವಿಲ್ಲವೆಂದು ದಾಖಲಿಸದೆ ಸರ್ಕಾರಿ ಕಚೇರಿಗಳು ಹಳೆಯ ಉಪಕರಣವನ್ನು ಮೂಲೆಗೆ ತಳ್ಳದಂತೆ ನಿಯಮ ಬರಲಿ. ಇಂತಹ ನಿಯಮ ಸಾವಿರಾರು ಮಂದಿಗೆ ಬೇಡಿಕೆ ಸೃಷ್ಟಿಸಬಲ್ಲದು. ನಾವೂ ದುರಸ್ತಿಗಾರನ ಕೂಲಿಗೆ ಚೌಕಾಸಿ ಮಾಡುವ ಮುನ್ನ, ಅವನು ಮಾರುತ್ತಿರುವುದು ಅರ್ಧ ಗಂಟೆಯ ಶ್ರಮವನ್ನಲ್ಲ, ಅದರ ಹಿಂದಿನ ವರ್ಷಗಳ ಕಲಿಕೆಯನ್ನು ಎಂಬುದನ್ನು ನೆನೆಯಬೇಕು.

ಒಣಗಲು ಬಿಟ್ಟ ಪೀಪಾಯಿಗೆ ನೀರು ತುಂಬಿದರೆ ಬಿಟ್ಟ ಸಂದು ಕೂಡಿಕೊಳ್ಳುತ್ತದೆ. ತೀರ ತಡವಾದರೆ ಬಳೆಗಳು ಕಳಚಿ, ಉಳಿಯುವುದು ಸೌದೆಯ ರಾಶಿ. ನಮ್ಮ ದುರಸ್ತಿಯ ವಿದ್ಯೆಗಳ ಬಳೆಗಳು ಸಡಿಲವಾಗಿವೆ, ಇನ್ನೂ ಕಳಚಿಲ್ಲ.