ಸ್ಮಾರ್ಟ್‌ವಾಚ್ ತೋರಿಸುವ ಕ್ಯಾಲೊರಿ ಲೆಕ್ಕವನ್ನು ಎಷ್ಟು ನಂಬಬಹುದು?

ಬೆಳಗಿನ ವಾಕಿಂಗ್ ಮುಗಿಸಿ ಕೈ ನೋಡಿಕೊಂಡರೆ ವಾಚ್‌ನಲ್ಲಿ ‘300 ಕ್ಯಾಲೊರಿ’ ಎಂದಿರುತ್ತದೆ. ಅಷ್ಟು ಕರಗಿಸಿದ ಮೇಲೆ ತಿಂಡಿಗೆ ಇನ್ನೊಂದು ದೋಸೆ ಹಾಕಿಸಿಕೊಂಡರೆ ತಪ್ಪೇನು ಎನಿಸುವುದು ಸಹಜ. ತೂಕ ಇಳಿಸಲು ಹೊರಟ ಅನೇಕರು ಈ ಅಂಕಿಯನ್ನೇ ನೋಡಿ ಊಟ ಹೆಚ್ಚು-ಕಡಿಮೆ ಮಾಡುತ್ತಾರೆ. ಈ ಅಂಕಿ ಎಲ್ಲಿಂದ ಬರುತ್ತದೆ, ಎಷ್ಟು ಸರಿ ಎಂಬುದನ್ನು ನಾವಿಲ್ಲಿ ನೋಡೋಣ.

ವಾಚ್ ನಿಜವಾಗಿ ಅಳೆಯುವುದೇನು?

ಕ್ಯಾಲೊರಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಯಾವ ವಾಚ್‌ನಲ್ಲೂ ಇಲ್ಲ. ಕೈಯ ಚಲನೆಯನ್ನು ಗುರುತಿಸಲು ಒಂದು ಸೆನ್ಸರ್ ಇರುತ್ತದೆ. ವಾಚ್‌ನ ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದ ಕೆಳಗೆ ರಕ್ತದ ಹರಿವು ಏರಿಳಿಯುವುದನ್ನು ನೋಡಿ ಹೃದಯ ಬಡಿತವನ್ನು ಎಣಿಸುತ್ತದೆ. ಇವುಗಳ ಜೊತೆಗೆ ನೀವು ಕೊಟ್ಟ ವಯಸ್ಸು, ಎತ್ತರ, ತೂಕ, ಲಿಂಗ ಇವನ್ನೆಲ್ಲ ಒಂದು ಸೂತ್ರಕ್ಕೆ ಹಾಕಿ ವಾಚ್ ಅಂದಾಜು ಮಾಡುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ಕ್ರಮವೇ ಬೇರೆ. ವ್ಯಾಯಾಮ ಮಾಡುವವರ ಮುಖಕ್ಕೆ ಮಾಸ್ಕ್ ಹಾಕಿ, ಅವರು ಬಳಸಿದ ಆಮ್ಲಜನಕ ಮತ್ತು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಎಷ್ಟೆಂದು ನೋಡುತ್ತಾರೆ. ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 5 ಕ್ಯಾಲೊರಿ ಖರ್ಚಾಗಿದೆ ಎಂದು ಲೆಕ್ಕ.

ಪರೀಕ್ಷೆಯಲ್ಲಿ ಕಂಡದ್ದೇನು?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು 60 ಜನರಿಗೆ ಇಂಥ 7 ಸಾಧನಗಳನ್ನು ಕಟ್ಟಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ ನೋಡಿತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೃದಯ ಬಡಿತದ ವಿಷಯದಲ್ಲಿ 6 ಸಾಧನಗಳ ತಪ್ಪು ಶೇ. 5ರೊಳಗಿತ್ತು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲವೂ ಎಡವಿದವು. ಎಲ್ಲಕ್ಕಿಂತ ನಿಖರವಾದ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತ್ತು, ಕೊನೆಯ ಸ್ಥಾನದಲ್ಲಿದ್ದದ್ದು ಶೇ. 93ರಷ್ಟು. ಅಂದರೆ ನೀವು ನಿಜವಾಗಿ 300 ಕ್ಯಾಲೊರಿ ಖರ್ಚು ಮಾಡಿದ್ದರೆ, ಶೇ. 27ರ ತಪ್ಪಿನಲ್ಲಿ ವಾಚ್ 219 ಎಂದೂ ತೋರಿಸಬಹುದು, 381 ಎಂದೂ ತೋರಿಸಬಹುದು. ಆ ಮಾದರಿಗಳು ಈಗ ಹಳೆಯವಾಗಿವೆ, ನಿಜ. ಆದರೆ ಇಂದಿನ ವಾಚ್‌ಗಳೂ ಮಾಡುವುದು ಅಂದಾಜನ್ನೇ.

ಲೆಕ್ಕ ತಪ್ಪುವುದು ಏಕೆ?

ಹೃದಯ ಬಡಿತ ವ್ಯಾಯಾಮದಿಂದ ಮಾತ್ರ ಏರುವುದಿಲ್ಲ. ಸೆಖೆ, ಜ್ವರ, ಕಾಫಿ, ಗಾಬರಿ ಇವುಗಳಿಂದಲೂ ಏರುತ್ತದೆ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಅದನ್ನು ತಗ್ಗಿಸುತ್ತವೆ. ಸೈಕಲ್ ತುಳಿಯುವಾಗ ಕಾಲು ದುಡಿದರೂ ಕೈ ಅಲ್ಲಾಡುವುದಿಲ್ಲ. ಭಾರ ಎತ್ತುವಾಗ ಮಾಂಸಖಂಡಗಳ ಶ್ರಮ ಮಣಿಕಟ್ಟಿನ ಚಲನೆಯಲ್ಲಿ ಕಾಣುವುದಿಲ್ಲ. ಒಂದೇ ವಯಸ್ಸು, ಒಂದೇ ತೂಕದ ಇಬ್ಬರಲ್ಲೂ ಸ್ನಾಯು ಮತ್ತು ಕೊಬ್ಬಿನ ಪ್ರಮಾಣ ಬೇರೆಬೇರೆ ಇರುವುದರಿಂದ ಖರ್ಚೂ ಬೇರೆಯಾಗುತ್ತದೆ.

ಇನ್ನೊಂದು ಗೊಂದಲವೂ ಇದೆ. ಸುಮ್ಮನೆ ಕೂತಿದ್ದರೂ ದೇಹ ಶಕ್ತಿ ಖರ್ಚು ಮಾಡುತ್ತಲೇ ಇರುತ್ತದೆ. 60 ಕೆ.ಜಿ. ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 120 ಕ್ಯಾಲೊರಿ ಖರ್ಚಾಗುತ್ತದೆ. ಅದರಲ್ಲಿ 30 ಕ್ಯಾಲೊರಿ ಕೂತಿದ್ದರೂ ಖರ್ಚಾಗುತ್ತಿತ್ತು. ನಡಿಗೆಯಿಂದ ಹೆಚ್ಚುವರಿಯಾಗಿ ಆದದ್ದು ಸುಮಾರು 90. ಎರಡು ಟೀ ಚಮಚ ಎಣ್ಣೆಯಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ!

ಹಾಗಾದರೆ ವಾಚ್ ಕಟ್ಟುವುದು ವ್ಯರ್ಥವೇ?

ಖಂಡಿತ ಅಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ, 2022ರಲ್ಲಿ ‘ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್’ನಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಇಂಥ ಸಾಧನ ಬಳಸುವವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆಯುತ್ತಾರೆ. ಆದರೆ ತೂಕ ಇಳಿಯಲು ಅದೊಂದೇ ಸಾಲದು. ಅಮೆರಿಕದಲ್ಲೇ 471 ಯುವ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೋಳಿಗೆ ಕಟ್ಟುವ ಸಾಧನ ಬಳಸಿದ ಗುಂಪು ಎರಡು ವರ್ಷದಲ್ಲಿ ಸರಾಸರಿ 3.5 ಕೆ.ಜಿ. ಇಳಿಸಿತು; ಅದಿಲ್ಲದೆ ಆಹಾರ-ವ್ಯಾಯಾಮದ ಸಲಹೆ ಪಾಲಿಸಿದ ಗುಂಪು 5.9 ಕೆ.ಜಿ. ಇಳಿಸಿತು.

ನೀವು ಏನು ಮಾಡಬಹುದು?

• ಕ್ಯಾಲೊರಿಯ ಬದಲು ನಿಮಿಷಗಳನ್ನು ಎಣಿಸಿ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಮಟ್ಟದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು; ಮಧ್ಯಮ ಮಟ್ಟವೆಂದರೆ ಅದು.
• ನಿಮ್ಮ ವಾಚ್‌ನ ಈ ವಾರದ ಅಂಕಿಯನ್ನು ಅದೇ ವಾಚ್‌ನ ಕಳೆದ ವಾರದ ಅಂಕಿಯೊಂದಿಗೆ ಹೋಲಿಸಿ. ಗೆಳೆಯರ ವಾಚ್‌ನೊಂದಿಗೆ ಬೇಡ.
• ತೂಕ ಬದಲಾದಾಗ ಆ್ಯಪ್‌ನಲ್ಲೂ ಬದಲಿಸಿ. ವಾಚ್ ಸಡಿಲವಾಗಿರದಂತೆ, ಮಣಿಕಟ್ಟಿನ ಮೂಳೆಗಿಂತ ಸ್ವಲ್ಪ ಮೇಲೆ ಕಟ್ಟಿ.
• ‘ಇಷ್ಟು ಕರಗಿಸಿದೆ, ಇಷ್ಟು ತಿನ್ನುತ್ತೇನೆ’ ಎಂಬ ಲೆಕ್ಕ ಬೇಡ. ಅದೇ ಅಂಕಿಯ ಭಯದಿಂದ ಊಟ ಬಿಡುವುದೂ ಬೇಡ.
• ಮಧುಮೇಹ ಇರುವವರು ವಾಚ್ ನೋಡಿ ಇನ್ಸುಲಿನ್ ಪ್ರಮಾಣವನ್ನಾಗಲಿ ಊಟವನ್ನಾಗಲಿ ಬದಲಿಸಬಾರದು. ಅದನ್ನು ನಿರ್ಧರಿಸಬೇಕಾದದ್ದು ಸಕ್ಕರೆ ಪರೀಕ್ಷೆ ಮತ್ತು ವೈದ್ಯರ ಸಲಹೆ.

ಒಟ್ಟಿನಲ್ಲಿ, ವಾಚ್ ನಿಮ್ಮನ್ನು ಕುರ್ಚಿಯಿಂದ ಎಬ್ಬಿಸಿ ನಡೆಸುತ್ತಿದ್ದರೆ ಕಟ್ಟಿಕೊಳ್ಳಿ. ತಟ್ಟೆಗೆ ಎಷ್ಟು ಬಡಿಸಿಕೊಳ್ಳಬೇಕೆಂಬುದನ್ನು ಮಾತ್ರ ಅದನ್ನು ಕೇಳಬೇಡಿ.