ವಿಷಕ್ಕೆ 'ಔಷಧಿ' ಅಂತ ಹೆಸರಿಟ್ಟವರು ಯಾರು?

"ತೋಟಕ್ಕೆ ಔಷಧಿ ಹೊಡೆದಾಯ್ತಾ?" ನಮ್ಮ ಕಡೆ ರೈತರು ಕುಶಲ ವಿಚಾರಿಸೋದೇ ಹೀಗೆ. ಹುಳ ಕೊಲ್ಲೋ ವಿಷಕ್ಕೆ ಔಷಧಿ ಅಂತ ಹೆಸರಿಟ್ಟ ದಿನವೇ ನಾವು ಅರ್ಧ ಸೋತೆವು. ಔಷಧಿ ಅಂದ ಮೇಲೆ ಕಾಯಿಲೆ ಇರಲಿ ಬಿಡಲಿ, ವಾರಕ್ಕೊಂದು ಡೋಸ್!

ಪಾಲಿಹೌಸ್ ಟೊಮ್ಯಾಟೊ ವಿಷಯಕ್ಕೇ ಬನ್ನಿ. "ನೆಟ್ ಹಾಕಿದೀವಿ, ಹುಳ ಬರಲ್ಲ" ಅಂತಾರೆ. ಬಾಗಿಲ ಸಂದಿಯಲ್ಲಿ ನಾಲ್ಕು ಬಿಳಿನೊಣ ನುಸುಳಿದರೆ? ಒಳಗೆ ಬೆಚ್ಚಗಿದೆ, ಮಳೆ ಇಲ್ಲ, ಊಟ ಬೇಕಾದಷ್ಟಿದೆ. ಅವನ್ನು ತಿನ್ನೋ ಹುಳ ಮಾತ್ರ ನೆಟ್ಟಿನ ಹೊರಗೇ ಉಳಿದಿದೆ. ವಿಷ ಹೊಡೆದರೆ ಸಾಯದೆ ಉಳಿದ ಗಟ್ಟಿ ನೊಣಗಳೇ ಮುಂದಿನ ಸಂತಾನ ಹುಟ್ಟಿಸೋದು. ಮುಂದಿನ ಸಲ ಇನ್ನೂ ಜೋರು 'ಔಷಧಿ'...

ಬೇರೆ ದಾರಿ ಹೊಸದೇನಲ್ಲ ಸ್ವಾಮಿ. 1926ರಲ್ಲಿ ಇಂಗ್ಲೆಂಡಿನ ಟೊಮ್ಯಾಟೊ ಬೆಳೆಗಾರರೊಬ್ಬರು ಬಿಳಿನೊಣದ ಮರಿಗಳಲ್ಲಿ ಕೆಲವು ಕಪ್ಪಾಗಿರೋದನ್ನು ಗಮನಿಸಿದರು. ಅವುಗಳೊಳಗೆ ಬೆಳೆಯುತ್ತಿದ್ದದ್ದು ಎನ್ಕಾರ್ಸಿಯಾ ಅನ್ನೋ ಪುಟಾಣಿ ಕಣಜದ ಮರಿ. ಚೆಷಂಟ್‌ನ ಸಂಶೋಧನಾ ಕೇಂದ್ರ ಅದನ್ನು ಸಾಕಿ ಗಾಜಿನಮನೆಗಳಿಗೆ ಹಂಚಿತು. ಎರಡನೇ ಮಹಾಯುದ್ಧ ಮುಗಿದು ಡಿಡಿಟಿ ಬಂತು, ಕಣಜ ಮೂಲೆಗೆ ಸೇರಿತು. ಹುಳಗಳು ವಿಷಕ್ಕೆ ಒಗ್ಗಿಕೊಂಡ ಮೇಲೆ 1970ರ ದಶಕದಲ್ಲಿ ಮತ್ತೆ ಅದೇ ಕಣಜದ ಕಾಲು ಹಿಡಿದರು!

ನಮ್ಮಲ್ಲಿ 2014ರಲ್ಲಿ ಟೂಟಾ ಅಬ್ಸೊಲುಟಾ ಅನ್ನೋ ಎಲೆ ಕೊರೆಯೋ ಹುಳ ಕಾಣಿಸಿಕೊಂಡಿತು. ಅದರ ಮೊಟ್ಟೆಯನ್ನೂ ಬಿಳಿನೊಣವನ್ನೂ ತಿನ್ನೋ ನೆಸಿಡಿಯೊಕೊರಿಸ್ ಅನ್ನೋ ಸಣ್ಣ ಹಸಿರು ತಿಗಣೆ ನಮ್ಮ ಹೊಲದ ಟೊಮ್ಯಾಟೊ ಗಿಡದಲ್ಲೇ ಇದೆ. ಕಂಡಕಂಡದ್ದನ್ನೆಲ್ಲ ಕೊಲ್ಲೋ ಸ್ಪ್ರೇ ಹೊಡೆದಾಗ ಸಾಯೋದು ಈ ಕಾವಲುಗಾರನೂ ಹೌದು.

ಹಾಗಂತ ಅದೇನೂ ಸಾಧುಪ್ರಾಣಿ ಅಲ್ಲ. ಬೇಟೆ ಸಿಗದಿದ್ದರೆ ಗಿಡದ ರಸವನ್ನೇ ಹೀರಿ ಕಾಂಡದ ಮೇಲೆ ಕಂದು ಉಂಗುರ ಮೂಡಿಸುತ್ತೆ. ಎಲೆ ಮುಟುರು ರೋಗ ಇರೋ ಊರಲ್ಲಿ ವೈರಸ್ ಹರಡೋಕೆ ಕೆಲವೇ ಬಿಳಿನೊಣ ಸಾಕು, ಹಾಗಾಗಿ ಹುಳವೊಂದನ್ನೇ ನಂಬಿ ಕೂರೋಕೆ ಆಗಲ್ಲ. ನೆಟ್ ಬೇಕು, ರೋಗ ತಡೆಯೋ ತಳಿ ಬೇಕು, ದಿನಾ ಎಲೆ ಮಗುಚಿ ನೋಡೋ ತಾಳ್ಮೆ ಬೇಕು. "ಇದೆಲ್ಲ ಆಗೋ ಮಾತಲ್ಲ" ಅನ್ನೋರಿಗೆ ಒಂದೇ ಪ್ರಶ್ನೆ: ವಾರವಾರ ಹೊಡೆದು ನಿಮ್ಮ ಬಿಳಿನೊಣ ಮುಗಿದುಹೋಯ್ತಾ?

ನಿಜವಾದ ತೊಡಕು ಬೇರೆ ಇದೆ. ಡಬ್ಬಿಯಲ್ಲಿರೋ ವಿಷ ತಿಂಗಳುಗಟ್ಟಲೆ ಅಂಗಡಿಯ ಕಪಾಟಿನಲ್ಲಿ ಕೂರುತ್ತೆ, ಸಾಲಕ್ಕೂ ಸಿಗುತ್ತೆ. ಜೀವಂತ ಹುಳ ಹಾಗೆ ಕೂರಲ್ಲ. ಅದನ್ನು ಸಾಕಿ, ಸಾಯೋದರೊಳಗೆ ರೈತನ ಬಾಗಿಲಿಗೆ ಮುಟ್ಟಿಸಬೇಕು. ಪಾಲಿಹೌಸಿನ ಪ್ಲಾಸ್ಟಿಕ್ಕಿಗೆ ಸಬ್ಸಿಡಿ ಕೊಡೋ ಸರ್ಕಾರ ಈ ಕೆಲಸಕ್ಕೂ ಅಷ್ಟೇ ಆಸಕ್ತಿಯಿಂದ ಕೈಹಾಕಲಿ.

ಅಲ್ಲೀವರೆಗೆ ನಾವು ಬ್ಲಾಗಿಗರು ಒಂದು ಸಣ್ಣ ಕೆಲಸ ಮಾಡಬಹುದು. ಇನ್ನುಮುಂದೆ ವಿಷವನ್ನು ವಿಷ ಅಂತಲೇ ಬರೆಯೋಣ. ಏನಂತೀರಿ?