ರತ್ನಾಕರದ ತಡಿಯಲ್ಲಿ

ಅಮರಕೋಶವು ಸಮುದ್ರಕ್ಕೆ ಹೇಳುವ ಹೆಸರುಗಳಲ್ಲಿ ‘ರತ್ನಾಕರ’ವೆಂಬುದೂ ಒಂದು. ಮೂವತ್ತು ವರ್ಷಕಾಲ ಈ ಪದವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನಾನು ಅದರ ಅರ್ಥವನ್ನು ಕಲಿತುದು ಕಳೆದ ಮಾಘಮಾಸದಲ್ಲಿ, ಮಲ್ಪೆಯ ಬಂದರಿನಲ್ಲಿ.

ನಮ್ಮ ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ರೈಲುನಿಲ್ದಾಣವು ತೆರೆದ ಮೇಲೆ ಕರಾವಳಿಯು ಹಿತ್ತಿಲಿಗೆ ಬಂದಂತಾಗಿದೆ. ಮನೆಯವಳನ್ನೂ ಮೊಮ್ಮಗನನ್ನೂ ಕರೆದುಕೊಂಡು ಮುರುಡೇಶ್ವರದ ಗಾಡಿಯನ್ನು ಹತ್ತಿ, ಮರುದಿನ ಉಡುಪಿಯಲ್ಲಿಳಿದು, ಶ್ರೀಕೃಷ್ಣನ ದರ್ಶನ ಮಾಡಿಕೊಂಡು ಸಂಜೆಗೆ ಮಲ್ಪೆಯನ್ನು ಸೇರಿದೆವು.

ಆ ಕೃಷ್ಣನು ಬಂದುದೂ ಈ ಕಡಲಿನಿಂದಲೇ ಎಂದು ಐತಿಹ್ಯ. 13ನೆಯ ಶತಮಾನದಲ್ಲಿ ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಬಿರುಗಾಳಿಗೆ ಸಿಕ್ಕಿದಾಗ, ದಡದಲ್ಲಿದ್ದ ಮಧ್ವಾಚಾರ್ಯರು ಉತ್ತರೀಯವನ್ನು ಬೀಸಿ ಅದನ್ನು ಪಾರುಮಾಡಿದರಂತೆ. ನಾವಿಕನಿತ್ತ ಗೋಪೀಚಂದನದ ಗಡ್ಡೆಯೊಳಗೆ ಮೂರ್ತಿಯು ದೊರೆಯಿತಂತೆ. ಸಮೀಪದ ವಡಭಾಂಡೇಶ್ವರದಲ್ಲಿ ಅಣ್ಣನಾದ ಬಲರಾಮನ ಗುಡಿಯಿದೆ. ದೋಣಿಯಲ್ಲಿ ಹೋದರೆ ಸೇಂಟ್ ಮೇರಿ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮನು ಅಲ್ಲಿ ಇಳಿದನೆಂದು ಹೇಳುವರು. ಅಲ್ಲಿಯ ಕಂಬದಾಕಾರದ ಶಿಲೆಗಳಾದರೋ ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸವು ಆರಿ ಆದವು.

ಮರುದಿನ ಮುಂಜಾನೆ ಬಂದರಿಗೆ ಹೋದೆವು. ಬೂತಾಯಿ, ಬಂಗುಡೆಗಳ ರಾಶಿಯ ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ನನ್ನ ವೃತ್ತಿಯನ್ನು ಕೇಳಿ ತಿಳಿದು, “ಗಾಳಿಮಳೆ ಬಂದರೆ ನೀವು ಮನೆಯೊಳಗೆ ಹೋಗುತ್ತೀರಿ. ನಮ್ಮವರಿಗೆ ಕಡಲ ಮೇಲೆ ಮನೆ ಎಲ್ಲಿದೆ ಮಾಸ್ಟ್ರೇ?” ಎಂದಳು.

ಅವಳೇ ‘ಸುವರ್ಣ ತ್ರಿಭುಜ’ವನ್ನು ನೆನಪಿಗೆ ತಂದಳು. 2018ರ ಡಿಸೆಂಬರಿನಲ್ಲಿ ಇದೇ ಬಂದರಿನಿಂದ ಹೊರಟ ಆ ದೋಣಿಯು ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಮನೆಯವರು ತಿಂಗಳುಗಟ್ಟಲೆ ಕಾದರು. 2019ರ ಮೇ ತಿಂಗಳಿನಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಕಡಲಿನಡಿಯಲ್ಲಿ ಅದರ ಅವಶೇಷವನ್ನು ಕಂಡರು. ಆ ಏಳು ಮಂದಿ ಮರಳಲಿಲ್ಲ. ಪಾರಾದ ಹಡಗಿನ ಕಥೆಯನ್ನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತಿದ್ದ ನಾನು, ಮುಳುಗಿದ ದೋಣಿಯನ್ನು ಪತ್ರಿಕೆಯಲ್ಲಿ ಓದಿ ಮರೆತುಬಿಟ್ಟಿದ್ದೆನು. ನಾಚಿಕೆಯಾಯಿತು.

ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನುಗಳ ಸಂತಾನಕ್ಕಾಗಿ ಈ ನಿಯಮ. ಮಳೆಗಾಲದಲ್ಲಿ ದ್ವೀಪಯಾತ್ರೆಯೂ ಇಲ್ಲ, ಸ್ನಾನವೂ ಅಪಾಯಕರ. ಆದುದರಿಂದ ಸಂಸಾರಸಮೇತರಾಗಿ ಹೋಗುವವರಿಗೆ ಚಳಿಗಾಲವೇ ಲೇಸು. ಸಂಜೆಯನ್ನು ಮರಳಿನ ಮೇಲೆ ಕಳೆಯಿರಿ. ಒಂದು ಮುಂಜಾನೆಯನ್ನಾದರೂ ಬಂದರಿಗೆ ಮೀಸಲಿಡಿರಿ.

“ತಾತಾ, ರತ್ನಾಕರದಲ್ಲಿ ರತ್ನ ಎಲ್ಲಿದೆ?” ಎಂದು ಮೊಮ್ಮಗನು ಕೇಳಿದನು. ಅಳಿವೆಯ ಕಡೆಗೆ ಕೈತೋರಿಸಿದೆನು. ದೋಣಿಯೊಂದು ಮರಳಿ ಬರುತ್ತಿತ್ತು. ಅದರ ಮೇಲೆ ಮನುಷ್ಯರು ನಿಂತಿದ್ದರು.